ಬೇಮಳಖೇಡದ ದಿಕ್ಕು

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ಕಾಂತಾಬಾಯಿ ಮುಂದಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಒಲೆಯ ಪಕ್ಕದ ಗೋಡೆಗೆ ಒಂದು ಹಳೆಯ ಕ್ಯಾಲೆಂಡರು ಬೆನ್ನು ತಿರುಗಿಸಿಕೊಂಡು ತೂಗುತ್ತಿತ್ತು. ಅದರ ಮೇಲೆ ಬಣ್ಣದ ಪೆನ್ನಿನಿಂದ ಬರೆದ ನಕ್ಷೆ. ನಕ್ಷೆಯ ಮೇಲೆ ಸ್ಕೇಲಿನ ತುದಿ ಇಟ್ಟು ಸೊಸೆ ಹೇಳಿದಳು:

"ಮಕ್ಕಳೇ, ಈ ನಕ್ಷೆಯನ್ನು ಗಮನಿಸಿ. ನಡುವೆ ಇರುವುದು ನಮ್ಮ ಹುಮನಾಬಾದ. ಹಾಗಾದರೆ ಬೇಮಳಖೇಡ ಯಾವ ದಿಕ್ಕಿನಲ್ಲಿದೆ?"

ಮನೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ. ಇದ್ದವಳು ಕಾಂತಾಬಾಯಿ ಒಬ್ಬಳೇ. ತಲೆಯ ಅರ್ಧ ಬೆಳ್ಳಗಾದ ಹೆಂಗಸು, ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡಿ ಮಾಡಿ ಬೆರಳ ತುದಿ ಒರಟಾದವಳು. ಸೊಸೆ ಆಮ್ರಪಾಲಿ ಬಸವಕಲ್ಯಾಣದ ಕಾಲೇಜಿನಲ್ಲಿ ಬಿ.ಇಡಿ. ಎರಡನೆಯ ವರ್ಷ ಓದುತ್ತಿದ್ದಳು. ಪಾಠ ಹೇಳುವುದನ್ನು ರೂಢಿ ಮಾಡಿಕೊಳ್ಳಲು ಆಕೆಗೆ ಮನೆಯಲ್ಲಿ ಒಂದು ತರಗತಿ ಬೇಕಿತ್ತು. ಆ ತರಗತಿ ಕಾಂತಾಬಾಯಿಯೇ. ಜಾಣ ಹುಡುಗಿಯೂ ಅವಳೇ, ಗದ್ದಲದ ಹುಡುಗನೂ ಅವಳೇ, ಹಿಂದಿನ ಸಾಲಿನಲ್ಲಿ ಕೂತು ಆಕಳಿಸುವವನೂ ಅವಳೇ.

ಪ್ರಶ್ನೆ ಕೇಳಿ ಆಮ್ರಪಾಲಿ ಸುಮ್ಮನೆ ನಿಂತಳು. ಕಾಂತಾಬಾಯಿಯೂ ಸುಮ್ಮನಿದ್ದಳು. ಹಂಚಿನ ಮೇಲೆ ರೊಟ್ಟಿಯ ಅಂಚು ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಸಣ್ಣಗೆ ಹೊಗೆ ಎದ್ದಿತು. ಇಬ್ಬರೂ ಹೊಗೆಯನ್ನು ನೋಡಿದರು.

"ಅತ್ತೀ, ರೊಟ್ಟಿ ಸುಡಾಕತ್ತದರಿ."

"ಮಾತಾಡಿದಿ," ಎಂದು ಕಾಂತಾಬಾಯಿ ಚಟ್ಟನೆ ರೊಟ್ಟಿ ತೆಗೆದಳು. "ಸೋತಿ ನೀನು. ಉತ್ತರ ಬರೂ ತನಕ ಟೀಚರ್ ಬಾಯಿ ಬಿಡಬಾರದು. ನಿಮ್ಮ ಕಾಲೇಜಿನ ಮ್ಯಾಡಮ್ ಇದ್ದಿದ್ರ ಮಾರ್ಕ್ಸ್ ಕಟ್."

"ರೊಟ್ಟಿ ಇದ್ದಲಿ ಆದ್ರೂ ಸುಮ್ಮ ನಿಂದ್ರಬೇಕೇನ್ರಿ?"

"ನಿಮ್ಮ ಕಾಲೇಜಿನ್ಯಾಗ ಹ್ಯಾಂಗ ಬರದಾರೋ ನನಗೇನ್ ಗೊತ್ತು. ನಾ ಆರನೇತ್ತಿನ ಕ್ಲಾಸಿನ ಹುಡುಗಿ."

ಆಮ್ರಪಾಲಿ ನಕ್ಕಳು. ಆದರೆ ಸ್ಕೇಲು ನಕ್ಷೆಯಿಂದ ಕದಲಲಿಲ್ಲ. "ಉತ್ತರ ಹೇಳ್ಲಿಲ್ಲರಿ ನೀವು."

"ದಡ್ಡ ಹುಡುಗಿ ಅದೀನವ್ವ. ಬಸವಕಲ್ಯಾಣ ಕೇಳು, ಹೇಳ್ತೀನಿ. ಪಶ್ಚಿಮಕ್ಕ. ಮನ್ನಾಏಖೇಳ್ಳಿ ಕೇಳು, ಪೂರ್ವಕ್ಕ. ಅದೊಂದು ಬಿಟ್ಟು ಬ್ಯಾರೆ ಏನರೆ ಕೇಳು."

ಬೇಮಳಖೇಡದ ದಿಕ್ಕು ಕಾಂತಾಬಾಯಿಗೆ ಗೊತ್ತಿರಲಿಲ್ಲ ಎಂದಲ್ಲ. ಅದು ಆಮ್ರಪಾಲಿಯ ತವರು. ಮಗನ ಲಗ್ನಕ್ಕೆ ಟೆಂಪೊ ತುಂಬ ಜನ ಕಟ್ಟಿಕೊಂಡು ಆ ದಾರಿ ಹಿಡಿದು ಹೋಗಿ ಬಂದವಳು ಅವಳು. ಆದರೂ ಆ ಊರಿನ ಹೆಸರು ಬಂದಾಗಲೆಲ್ಲ ಅವಳ ಕಣ್ಣು ಎದುರಿನ ಹಲಗೆಯ ಮೇಲೆ ಹೋಗುತ್ತಿತ್ತು. ಅಲ್ಲಿ ಬುದ್ಧನ ಸಣ್ಣ ಮೂರ್ತಿ, ಬಾಬಾಸಾಹೇಬರ ಫೋಟೊ, ಮಗ ಉತ್ತಮನ ಫೋಟೊ. ಉತ್ತಮನ ಫೋಟೊದ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ನೀಲಿ ಇನ್‌ಲ್ಯಾಂಡ್ ಕಾಗದ. ಅದರ ಮೇಲೆ ವಿಳಾಸ ಬರೆದಿತ್ತು. ಒಳಗೆ ಒಂದು ಅಕ್ಷರವೂ ಇರಲಿಲ್ಲ.

ಉತ್ತಮ ಕಾಮಾಲೆಯಾಗಿ ತೀರಿಕೊಂಡಾಗ ಲಗ್ನವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಮಕ್ಕಳಾಗಿರಲಿಲ್ಲ. ಆಮ್ರಪಾಲಿ ಬಿ.ಎ. ಮುಗಿಸಿ ಬಂದ ಹುಡುಗಿ. ಗಂಡ ಹೋದ ಮೇಲೆ ತವರಿಗೆ ಹೋಗಿ ತಿಂಗಳೊಪ್ಪತ್ತು ಇದ್ದು, ಒಂದು ದಿನ ಬ್ಯಾಗು ಹಿಡಿದು ತಾನಾಗಿಯೇ ತಿರುಗಿ ಬಂದಳು. "ನೀವು ಒಬ್ರೇ ಅದೀರಿ" ಎಂದಷ್ಟೇ ಅಂದಳು. ಆ ಮಾತು ಕಾಂತಾಬಾಯಿಗೆ ಹಸಿದ ಹೊಟ್ಟೆಗೆ ಅನ್ನ ಸಿಕ್ಕಂತಾಯಿತು. ಮರುವರ್ಷ ಬಿ.ಇಡಿ. ಸೀಟಿಗೆ ಅರ್ಜಿ ಹಾಕಿಸಿ, ಬಸವಕಲ್ಯಾಣದ ಕಾಲೇಜಿಗೆ ಕೈ ಹಿಡಿದು ಕರೆದುಕೊಂಡು ಹೋದವಳೂ ಅವಳೇ.

ಉತ್ತಮನ ವರ್ಷದ ಕಾರ್ಯಕ್ಕೆ ಬಂದಾಗ ಆಮ್ರಪಾಲಿಯ ತಂದೆ ಸಂಘರತ್ನ ಅವರು ಈ ಇನ್‌ಲ್ಯಾಂಡ್ ಕೊಟ್ಟಿದ್ದರು. ಅವರು ಬೇಮಳಖೇಡದಲ್ಲಿ ವರ್ಷಗಟ್ಟಲೆ ಟಪಾಲು ಹಂಚಿದವರು. ಈಗ ಕಿವಿ ಹೋಗಿತ್ತು. ಫೋನು ಅವರಿಗೆ ಕೆಲಸಕ್ಕೆ ಬಾರದ ವಸ್ತು. ಜನ ಊಟಕ್ಕೆ ಕೂತಾಗ ಕಾಂತಾಬಾಯಿಯನ್ನು ಅಂಗಳದ ಮೂಲೆಗೆ ಕರೆದು, ಕಿವುಡರ ದನಿಯಲ್ಲಿ, ಪಿಸುಮಾತು ಎಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ್ದರು:

"ಬೀಗತೇರ, ಹುಡುಗಿ ವಯಸ್ಸು ಸಣ್ಣದದ. ಇಡೀ ಜಲ್ಮ ಹಿಂಗ ಇರಲಿ ಅನ್ನಾಕ ನನಗ ಬಾಯಿ ಬರಲ್ಲ. ಆದ್ರ ಆಕಿ ನಿಮ್ಮ ಮನಿ ಸೊಸಿ. ನಿಮ್ಮ ಕಡಿಂದ ಒಂದ್ ಅಕ್ಷರ ಬರದ ನಾ ಎರಡನೇ ಸಂಬಂಧದ ಮಾತು ಎತ್ತಲ್ಲ. ಆಕಿಗೂ ಕೇಳಲ್ಲ. ಅಳಿಯನ ಮಣ್ಣು ಆರೂದರೊಳಗ ಮಗಳನ್ನ ಕಸಗೊಂಡ ಅಂತ ನಿಮಗ ಅನಿಸಬಾರದು. ವಿಳಾಸ ನಾನೇ ಬರದೀನಿ. ನಿಮ್ಮ ಮನಸ್ಸು ಒಪ್ಪಿದ ದಿನ ಬರದು ಹಾಕ್ರಿ."

ಅವರ ಮಂದಿಯಲ್ಲಿ ಅದು ನಡೆದುಬಂದ ರೀತಿ. ಗಂಡನ ಮನೆಯ ಹಿರಿಯರು ಒಂದು ಮಾತು ಬಿಟ್ಟುಕೊಡುವ ತನಕ ತವರಿನವರು ಮಗಳಿಗೆ ಇನ್ನೊಂದು ಮನೆ ಹುಡುಕುವುದಿಲ್ಲ. ಆ ಮನೆಯಲ್ಲಿ ಹಿರಿಯರು ಎಂದರೆ ಕಾಂತಾಬಾಯಿ ಒಬ್ಬಳೇ.

"ಬಿ.ಇಡಿ. ಒಂದು ಮುಗೀಲಿ ಬೀಗರ" ಎಂದು ಅವಳು ಕಾಗದ ಇಸಿದುಕೊಂಡಿದ್ದಳು. ಅವರಿಗೆ ಕೇಳಿಸಿತೋ ಇಲ್ಲವೋ, ತಲೆ ಆಡಿಸಿದ್ದರು.

ಮೊದಲ ಸೆಮಿಸ್ಟರು ಮುಗಿಯಿತು. ಎರಡನೆಯದೂ ಮುಗಿಯಿತು. ಈಗ ಬರೆದರೆ ಹುಡುಗಿಯ ಓದು ಕೆಡುತ್ತದೆ ಎಂದು ಕಾಂತಾಬಾಯಿ ಅಂದುಕೊಂಡಳು. ಆಮೇಲೆ ತೊಗರಿಯ ಸುಗ್ಗಿ ಬಂತು, ಮಿಲ್ಲಿನಲ್ಲಿ ಕೈ ಬಿಡುವಿಲ್ಲ. ಆಮೇಲೆ ತನ್ನ ಅಕ್ಷರ ಚಂದ ಇಲ್ಲ, ಟಪಾಲಿನವರಿಗೆ ಕಾಗದ ಬರೆಯುವುದೆಂದರೆ ಸುಮ್ಮನೆಯೇ? ಒಂದೊಂದು ಹಬ್ಬಕ್ಕೆ ಒಂದೊಂದು ನೆವ. ಬರೆದರೆ ಆಮ್ರಪಾಲಿ ಹೋಗುತ್ತಾಳೆ. ವಿಷಯ ಇಷ್ಟೇ ಇತ್ತು, ಅದನ್ನು ಅವಳು ತನಗೆ ತಾನೂ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ.

ಆಮ್ರಪಾಲಿಗೂ ಆ ಕಾಗದ ಗೊತ್ತಿತ್ತು. ತಂದೆಯ ಪಿಸುಮಾತು ಇಡೀ ಓಣಿಗೇ ಕೇಳಿಸಿರುವಾಗ ಅವಳಿಗೆ ಕೇಳದೆ ಇದ್ದೀತೆ? ವಾರಕ್ಕೊಮ್ಮೆ ಹಲಗೆ ಒರೆಸುವಾಗ ಇನ್‌ಲ್ಯಾಂಡ್ ಎತ್ತಿ, ಧೂಳು ಝಾಡಿಸಿ, ಇದ್ದ ಜಾಗದಲ್ಲೇ ಮತ್ತೆ ಒರಗಿಸಿ ಇಡುತ್ತಿದ್ದಳು. ಅತ್ತೆ ನೋಡುತ್ತಿದ್ದಳು. ಇಬ್ಬರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ.

ಮನೆಯಲ್ಲಿ ಶಾಲೆ ಶುರುವಾದದ್ದು ಮೊದಲ ವರ್ಷದಲ್ಲಿ. ಕಾಲೇಜಿನಲ್ಲಿ ನಿಜವಾದ ಮಕ್ಕಳ ಮುಂದೆ ನಿಲ್ಲಿಸುವ ಮೊದಲು ಸೂಕ್ಷ್ಮ ಬೋಧನೆ ಎಂದು ಮಾಡಿಸುತ್ತಿದ್ದರು. ಒಬ್ಬರು ಗುರುಗಳಾಗಬೇಕು, ಉಳಿದ ಬಿ.ಇಡಿ.ಯವರೆಲ್ಲ ಮಕ್ಕಳಾಗಿ ಕೂಡಬೇಕು. ಮೀಸೆ ಬಂದವರು, ಎರಡು ಮಕ್ಕಳ ತಾಯಂದಿರು, ಎಲ್ಲರೂ ಕೈ ಎತ್ತಿ "ಮಿಸ್, ಮಿಸ್" ಅನ್ನಬೇಕು. ಆಮ್ರಪಾಲಿಯ ಗೆಳತಿ ಕರೀಮಾ ಅದರಲ್ಲಿ ಪಳಗಿದವಳು. ತುಂಟ ಹುಡುಗನಾಗಿ ಪಕ್ಕದವರ ಪೆನ್ನು ಕದಿಯುತ್ತಿದ್ದಳು. ಆಮ್ರಪಾಲಿ ಮುಂದೆ ನಿಂತಾಗ ಬೋರ್ಡಿನ ಅಕ್ಷರ ಚಂದ, ದನಿ ಚಂದ, ಚಾರ್ಟು ಚಂದ. ಪಾಠ ಮುಗಿದ ಮೇಲೆ ಅವಳ ಪಾಠದ ವಹಿಯಲ್ಲಿ ಮ್ಯಾಡಮ್ ಬರೆದದ್ದು ಒಂದೇ ಸಾಲು: ಪ್ರಶ್ನೆ ಕೇಳಿ, ಕಾಯದೆ, ತಾನೇ ಉತ್ತರ ಹೇಳುತ್ತಾಳೆ.

ಎರಡನೆಯ ಸಲವೂ ಅದೇ ಸಾಲು. ಮೂರನೆಯ ಸಲ ಮ್ಯಾಡಮ್ ಬಾಯಿಬಿಟ್ಟೇ ಹೇಳಿದರು: "ನಿಮ್ಮ ಕ್ಲಾಸಿನಾಗ ಮಕ್ಕಳೇ ಬೇಕಾಗಿಲ್ಲ ಬಿಡ್ರಿ, ನೀವು ಒಬ್ರೇ ಸಾಕು." ಆವತ್ತು ಬಸ್ಸಿನಲ್ಲಿ ಅತ್ತುಕೊಂಡು ಬಂದವಳ ಕಣ್ಣು ಮನೆಗೆ ಬಂದರೂ ಕೆಂಪಾಗಿಯೇ ಇತ್ತು.

"ಅಷ್ಟೊತ್ತು ಸುಮ್ನ ನಿಂದ್ರೂದಂದ್ರ ನನಗ ಜೀವ ಹೋದಂಗ ಆಗ್ತದರಿ ಅತ್ತೀ. ಯಾರರೆ ಒಂದ್ ಮಾತಾಡಿಬಿಡ್ಲಿ ಅನಸ್ತದ."

ಅದು ಎಲ್ಲಿಂದ ಬಂದದ್ದೆಂದು ಕಾಂತಾಬಾಯಿಗೆ ಗೊತ್ತಿತ್ತು. ದವಾಖಾನೆಯಲ್ಲಿ ಉತ್ತಮನ ಮಂಚದ ಬದಿ ಕೂತು ಈ ಹುಡುಗಿ, "ನೀರು ಕುಡೀತೀರೇನ್ರಿ? ಹೂಂ, ಕುಡೀತೀರಿ" ಎಂದು ತಾನೇ ಕೇಳಿ ತಾನೇ ಹೇಳುತ್ತಿದ್ದುದನ್ನು ಅವಳು ಕಂಡಿದ್ದಳು. ಕೊನೆಯ ದಿನಗಳಲ್ಲಿ ಅವನಿಂದ ಉತ್ತರ ಬರುತ್ತಿರಲಿಲ್ಲ.

ಅವಳು ಆ ಮಾತು ಎತ್ತಲಿಲ್ಲ. "ಅಳೂದೇನದ ಇದ್ರಾಗ," ಅಂದಳು. "ನನಗ ಕೇಳು. ನಾ ತಡಾ ಮಾಡಿ ಹೇಳ್ತೀನಿ. ತಡಾ ಮಾಡೂದ್ರಾಗ ನನ್ನಂಥಾಕಿ ನಿನಗ ಸಿಗಲ್ಲ."

ಅದು ಬಡಾಯಿಯಲ್ಲ. ಹಿಂದೆ ಓಣಿಯಲ್ಲಿ ರಾತ್ರಿ ಶಾಲೆ ನಡೆಯುತ್ತಿದ್ದ ಕಾಲಕ್ಕೆ ಕಾಂತಾಬಾಯಿ ನಿಧಾನಕ್ಕೇ ಹೆಸರಾದವಳು. ಒಂದು ಅಕ್ಷರದ ಬಾಲ ತಿದ್ದಿ ಮುಗಿಸುವಷ್ಟರಲ್ಲಿ ಮಾಸ್ತರರು ಹೊರಗೆ ಹೋಗಿ ಬೀಡಿ ಸೇದಿ ಬರುತ್ತಿದ್ದರು. ಒಮ್ಮೆಯೂ ಅವರು ಕೈಯಿಂದ ಪಾಟಿ ಕಸಿದುಕೊಂಡು ತಾವೇ ಬರೆದವರಲ್ಲ. "ಆಗ್ಲಿ, ಕಾಂತಾಬಾಯಿ, ಆಗ್ಲಿ" ಎಂದು ಬಾಗಿಲಿಗೆ ಒರಗಿ ನಿಂತಿರುತ್ತಿದ್ದರು. ಹಾಗೆ ನಿಂತದ್ದಕ್ಕೇ ತನಗೆ ಅಕ್ಷರ ಬಂತೆಂದು ಅವಳು ನಂಬಿದ್ದಳು.

ಅಂದಿನಿಂದ ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಮನೆಯಲ್ಲಿ ಪಾಠ. ಪೀಠಿಕೆ, ಪ್ರಸ್ತುತಿ, ಮೌಲ್ಯಮಾಪನ, ಗೃಹಪಾಠ ಎಂಬ ಮಾತುಗಳು ಕಾಂತಾಬಾಯಿಯ ಬಾಯಿಗೂ ಹತ್ತಿದವು. ಅಳತೆ ಮೀರಿ ಮಾತಾಡುವ ಹೆಂಗಸರಿಗೆ ಮಿಲ್ಲಿನಲ್ಲಿ "ಪೀಠಿಕೆ ಸಾಕು, ಪಾಠಕ್ಕ ಬಾ" ಅನ್ನತೊಡಗಿದಳು. ಎದುರು ಮನೆಯ ರತ್ನಮಾಲಾ ಬಾಗಿಲಲ್ಲಿ ಇಣುಕಿ ಕೆಣಕುತ್ತಿದ್ದಳು:

"ಏನ್ ಕಾಂತಕ್ಕ, ಈ ವರ್ಷರೆ ಪಾಸಾಗ್ತಿಯೋ, ಇಲ್ಲ ಇದೇ ಕ್ಲಾಸಿನಾಗ ಕೂಡ್ತಿಯೋ?"

"ಟೀಚರ್ ಚಲೋ ಸಿಕ್ಕಾಳವ್ವ. ಪಾಸಾದ್ರ ಬಿಟ್ಟು ಹೋಗಬೇಕಲ್ಲ," ಎಂದು ಕಾಂತಾಬಾಯಿ ಅನ್ನುತ್ತಿದ್ದಳು.

ಆಡುವಾಗ ಅದು ತಮಾಷೆ. ಆಡಿದ ಮೇಲೆ ಕೈಯಲ್ಲಿನ ಹಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿತ್ತು.

ಎರಡನೆಯ ವರ್ಷದಲ್ಲಿ ಆಮ್ರಪಾಲಿಗೆ ಪಾಠ ಹೇಳಲು ಹುಮನಾಬಾದಿನದೇ ಸರ್ಕಾರಿ ಶಾಲೆ ಬಿತ್ತು. ಬಿ.ಇಡಿ.ಯವರ ಸಮವಸ್ತ್ರದ ಸೀರೆ ಉಟ್ಟು, ಚಾರ್ಟು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಆಕೆ ನಡೆದೇ ಹೋಗುತ್ತಿದ್ದಳು. ಪಾಠದಿಂದ ಪಾಠಕ್ಕೆ ಮ್ಯಾಡಮ್ ಬರೆಯುವ ಸಾಲು ಬದಲಾಯಿತು. ಕಾಯುತ್ತಾಳೆ, ಆದರೆ ಮುಖದಲ್ಲಿ ಗಾಬರಿ. ಆಮೇಲೆ, ಕಾಯುತ್ತಾಳೆ. ಕೊನೆಗೆ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುವ ಪಾಠವೊಂದು ಉಳಿಯಿತು. ಆರನೆಯ ತರಗತಿ, ದಿಕ್ಕುಗಳು ಮತ್ತು ನಕ್ಷೆ. ರೊಟ್ಟಿ ಸುಟ್ಟದ್ದು ಅದೇ ಪಾಠದಲ್ಲಿ.

ಆ ವಾರವೆಲ್ಲ ಆಮ್ರಪಾಲಿ ಅದೊಂದೇ ನಕ್ಷೆಯ ಮುಂದೆ ನಿಂತಳು. ಹೊಸ ಹೊಸ ರೀತಿಯಲ್ಲಿ ಶುರುಮಾಡುತ್ತಿದ್ದಳು, ಸೂರ್ಯನಿಂದ, ಬಸ್ಸಿನ ಬೋರ್ಡಿನಿಂದ, ಗಾಳಿಪಟದಿಂದ. ಎಲ್ಲಿಂದ ಶುರುಮಾಡಿದರೂ ಕೊನೆಗೆ ಸ್ಕೇಲು ಬೇಮಳಖೇಡದ ಮೇಲೆ ಬಂದು ನಿಲ್ಲುತ್ತಿತ್ತು. ಕಾಂತಾಬಾಯಿ ಪ್ರತಿಸಲ ದಡ್ಡ ಹುಡುಗಿಯಾಗುತ್ತಿದ್ದಳು. ಪ್ರತಿಸಲ ಆಮ್ರಪಾಲಿ ಸಾಕಷ್ಟು ಹೊತ್ತು ಕಾದು, "ಇರಲಿ, ನಾಳೆ ನೋಡೋಣ" ಎಂದು ಸ್ಕೇಲು ಇಳಿಸುತ್ತಿದ್ದಳು.

ಪರೀಕ್ಷೆಯ ದಿನ ಕಾಂತಾಬಾಯಿ ಮಿಲ್ಲಿಗೆ ಹೋದಳೇ ಹೊರತು ಜೀವವೆಲ್ಲ ಶಾಲೆಯಲ್ಲಿತ್ತು. ಮೊರದಲ್ಲಿ ಕಲ್ಲು ಉಳಿದು, ತೊಗರಿ ಕೆಳಗೆ ಹಾರಿ, ಪಕ್ಕದವಳಿಂದ "ಯಾವ ಕಡಿ ಅದ ಲಕ್ಷ್ಯ?" ಎಂದು ಅನ್ನಿಸಿಕೊಂಡಳು. ಸಂಜೆ ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದು. ಮೊದಲು ಒಳಗೆ ಬಂದವಳು ಕರೀಮಾ. ಅವಳ ಪಾಠವೂ ಅದೇ ಶಾಲೆಯಲ್ಲಿತ್ತು. ನಗುವನ್ನು ದುಪಟ್ಟಾದಲ್ಲಿ ಮುಚ್ಚಿ ಹಿಡಿದಿದ್ದಳು. ಹಿಂದೆ ಆಮ್ರಪಾಲಿ, ಮುಖ ಕೆಂಪಗೆ, ಚಾರ್ಟು ಅಡ್ಡ ಹಿಡಿದುಕೊಂಡು.

"ಚಾಚಿ, ಸಕ್ರಿ ಹಂಚ್ರಿ," ಅಂದಳು ಕರೀಮಾ. "ನಿಮ್ಮ ಸೊಸಿ ಇವತ್ತ ನಿಮಗ ಆರನೇತ್ತಿನಾಗ ಹೆಸರು ಹಚ್ಚಿ ಬಂದಾಳ."

"ಕರೀಮಾ, ಸುಮ್ನಿರು," ಎಂದಳು ಆಮ್ರಪಾಲಿ.

"ಯಾಕ ಸುಮ್ನಿರ್ಲಿ? ಕೇಳ್ರಿ ಚಾಚಿ. ನನ್ನ ಪಾಠ ಮುಗದಿತ್ತು. ನಾ ಹೊರಗ ನಿಂತು ಕಿಡಕ್ಯಾಗಿಂದ ನೋಡಾಕತ್ತಿದ್ದೆ. ಹಿಂದ ಪರೀಕ್ಷಕರು, ಬಾಜೂಕ ನಮ್ಮ ಮ್ಯಾಡಮ್. ಪಾಠ ಹ್ಯಾಂಗ ನಡದಿತ್ತಂದ್ರ ಹುಡುಗ್ರು ಒಂದೂ ಅಲಗಾಡವಲ್ಲವು. ಆಮ್ಯಾಗ ಈಕಿ ನಕ್ಷಾದ ಮ್ಯಾಲ ಸ್ಕೇಲ್ ಇಟ್ಟು ಕೇಳಿದಳು, ಬೇಮಳಖೇಡ ಯಾವ ದಿಕ್ಕಿನಲ್ಲಿದೆ? ಎಲ್ಲಾವೂ ಚುಪ್. ಈಕಿ ನಿಂತಳು. ನಿಂತೇ ನಿಂತಳು. ನನಗೇ ಕಿಡಕ್ಯಾಗ ಬೆವರು ಬಂತು. ಆಮ್ಯಾಗ ಮೆತ್ತಗ, ಭಾಳ ಮೆತ್ತಗ, ಮುಂದಿನ ಸಾಲಿನ ಹುಡುಗಿ ಕಡಿ ನೋಡಿ ಅಂತಾಳ, ಅತ್ತೀ, ನೀವು ಹೇಳ್ರಿ."

ಕಾಂತಾಬಾಯಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ನಗು ಎಲ್ಲಿಂದ ಬಂತೋ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ.

"ಮತ್ತ ಆ ಹುಡುಗಿ?"

"ಸ್ನೇಹಲ್ ಅಂತ ಅದ ಚಾಚಿ ಅದರ ಹೆಸರು, ಎರಡು ಜಡಿ ಹಾಕ್ಕೊಂಡು ಇಷ್ಟುದ್ದ ಅದ. ಎದ್ದು ನಿಂತು, ನಡಕ್ಕ ಕೈ ಇಟ್ಟು ಅಂತದ, ಆಗ್ನೇಯ ದಿಕ್ಕವ್ವ, ಸೊಸಿ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಪರೀಕ್ಷಕರೂ ನಕ್ರು. ನಮ್ಮ ಮ್ಯಾಡಮ್ ಮಾತ್ರ ಹಣಿಗೆ ಕೈ ಹಚ್ಚಿ ಕುಂತ್ರು."

"ಅಯ್ಯೋ ನನ್ನವ್ವ. ಮಾರ್ಕ್ಸ್ ಹೋದವೇನು?"

ಆಮ್ರಪಾಲಿ ಚಾರ್ಟು ಕೆಳಗಿಟ್ಟು ಅಂದಳು: "ಇಲ್ಲರಿ. ಪರೀಕ್ಷಕರು ಕರದು ಕೇಳಿದ್ರು, ಮನ್ಯಾಗ ಯಾರ ಮುಂದ ಪಾಠ ಮಾಡ್ತೀರಿ ಅಂತ. ನಮ್ಮ ಅತ್ತಿಯವರ ಮುಂದರಿ ಅಂದೆ. ಅವರಿಗೆ ನನ್ನ ನಮಸ್ಕಾರ ಹೇಳ್ರಿ, ನಿಮಗ ಕಾಯಾಕ ಕಲಿಸ್ಯಾರ ಅಂದ್ರು."

ಕರೀಮಾ ಚಹಾ ಕುಡಿದು, ಬಸವಕಲ್ಯಾಣದ ಬಸ್ಸು ಹಿಡಿಯಲು ಹೋದಳು. ಆಮ್ರಪಾಲಿ ನೀರು ತರಲು ನಳಕ್ಕೆ ಹೋದಳು. ಕಾಂತಾಬಾಯಿ ಇನ್ನೂ ನಗುತ್ತಲೇ ಚಹಾದ ಕಪ್ಪುಬಸಿ ಎತ್ತಿ ಇಡುವಾಗ ಕ್ಯಾಲೆಂಡರಿನ ನಕ್ಷೆ ಎದುರಾಯಿತು. ನಗು ತಾನಾಗಿ ಇಳಿಯಿತು.

ಇಡೀ ಜಿಲ್ಲೆಯಲ್ಲಿ ಊರುಗಳಿಗೆ ಬರವೇ? ನಿರ್ಣಾ ಇರಲಿಲ್ಲವೆ, ಚಿಟಗುಪ್ಪ ಇರಲಿಲ್ಲವೆ? ವಾರವೆಲ್ಲ ಸೊಸೆ ಅದೊಂದೇ ಊರು ಕೇಳಿದ್ದಳು. ಕೇಳಿ, ಬಾಯಿ ಮುಚ್ಚಿಕೊಂಡು ಕಾದಿದ್ದಳು. ಪರೀಕ್ಷಕರ ಎದುರು, ಮಕ್ಕಳ ಎದುರು, ಮೈಮರೆತ ಒಂದು ಗಳಿಗೆಯಲ್ಲಿ ಬಾಯಿಗೆ ಬಂದದ್ದೂ ಅದೇ. ಅತ್ತೀ, ನೀವು ಹೇಳ್ರಿ. ಹುಡುಗಿ ಕೇಳುತ್ತಿದ್ದದ್ದು ದಿಕ್ಕನ್ನಲ್ಲ. ನನ್ನ ಅಪ್ಪನಿಗೆ ನೀವು ಏನು ಬರೆಯುತ್ತೀರಿ, ಎಂದು ಕೇಳುತ್ತಿದ್ದಳು. ಹಲಗೆಯ ಮೇಲಿನ ಕಾಗದದ ಧೂಳನ್ನು ವಾರಕ್ಕೊಮ್ಮೆ ಝಾಡಿಸುವಾಗಲೂ ಇದನ್ನೇ ಕೇಳುತ್ತಿದ್ದಳು. ಮಾತಿಲ್ಲದ ಹೊತ್ತಿಗೆ ಹೆದರುತ್ತಿದ್ದ ಹುಡುಗಿ, ಇಷ್ಟು ದಿನ ಕಾಯಲು ಕಲಿತದ್ದು ತನ್ನ ಮುಂದೆಯೇ.

ಕಾಂತಾಬಾಯಿ ನಕ್ಷೆಗೆ ಇನ್ನಷ್ಟು ಹತ್ತಿರ ಹೋದಳು. ಹುಮನಾಬಾದಿನ ಚುಕ್ಕೆಯ ಮೇಲೆ ಹೆಬ್ಬೆರಳು ಇಟ್ಟು ಬೇಮಳಖೇಡದ ಕಡೆ ಕಿರುಬೆರಳು ಚಾಚಿದಳು. ಬೆರಳು ಪೂರ್ತಿ ಬಿಚ್ಚುವ ಮೊದಲೇ ಊರು ಬಂದುಬಿಟ್ಟಿತು. ಇಷ್ಟು ಸನಿಹದ ಊರನ್ನು ತಾನು ಎಷ್ಟು ದೂರ ಮಾಡಿ ಇಟ್ಟಿದ್ದೆ ಅನಿಸಿತು.

ಆದರೆ ಬರೆಯುವುದು ಏನನ್ನು? ಕರೆದುಕೊಂಡು ಹೋಗಿ ಎಂದು ಬರೆದರೆ ತಾನೇ ಹುಡುಗಿಯ ಪರವಾಗಿ ಉತ್ತರ ಹೇಳಿದಂತೆ. ಇಲ್ಲ ಎಂದು ಬರೆದರೂ ಹಾಗೆಯೇ. ಬೀಗರು ತನ್ನನ್ನು ಕೇಳಿದ್ದರು, ತಾನು ಬೀಗರಿಗೆ ನೆವ ಹೇಳಿದ್ದಳು. ಬಾಳುವೆ ಮಾಡಬೇಕಾದವಳನ್ನು ಇಬ್ಬರೂ ಕೇಳಿರಲಿಲ್ಲ. ಮ್ಯಾಡಮ್ ನೋಡಿದ್ದರೆ ಇಬ್ಬರ ವಹಿಯಲ್ಲೂ ಆ ಮೊದಲಿನ ಸಾಲನ್ನೇ ಬರೆಯುತ್ತಿದ್ದರು.

ಮರುದಿನ ಬೆಳಗ್ಗೆ ಒಲೆ ಹೊತ್ತಿಸಿ, ಒಂದೆರಡು ರೊಟ್ಟಿ ಮಾಡಿ, ಕಾಂತಾಬಾಯಿ ಹಂಚು ಕೆಳಗಿಳಿಸಿದಳು. ಪಾಠದ ವಹಿಗಳನ್ನು ಕಾಲೇಜಿಗೆ ಒಪ್ಪಿಸಲು ಜೋಡಿಸುತ್ತಿದ್ದ ಆಮ್ರಪಾಲಿ ತಲೆ ಎತ್ತಿದಳು.

"ಹಂಚು ಯಾಕ ಇಳಿಸಿದ್ರಿ? ಹಿಟ್ಟು ಇನ್ನೂ ಅದಲ್ರಿ."

"ಇರ್ಲಿ. ಸುಡೂದು ಬ್ಯಾಡ." ಕಾಂತಾಬಾಯಿ ಅವಳ ಎದುರಿಗೆ ಬಂದು ಕೂತಳು. "ಮಿಸ್, ನಾ ಒಂದ್ ಉತ್ತರ ಹೇಳಬೇಕು. ಬೇಮಳಖೇಡ ಆಗ್ನೇಯಕ್ಕ ಅದ."

ಆಮ್ರಪಾಲಿಯ ಕೈ ವಹಿಯ ಮೇಲೆ ನಿಂತಿತು.

"ತಡಾ ಆತು ನನಗ," ಅಂದಳು ಕಾಂತಾಬಾಯಿ. "ಗೊತ್ತಿದ್ದೂ ಹೇಳ್ಲಿಲ್ಲ. ಈಗ ನಾ ನಿನಗ ಕೇಳ್ತೀನಿ. ನಿಮ್ಮಪ್ಪ ಕಾಗದ ಕೊಟ್ಟು ಹೋಗ್ಯಾರ. ಅದ್ರಾಗ ಏನ್ ಬರೀಲಿ? ನಿನಗ ಏನ್ ಬೇಕು, ಅದನ್ನ ಹೇಳು."

ಹೇಳಿ ಬಾಯಿ ಮುಚ್ಚಿದಳು. ಆಮ್ರಪಾಲಿ ಅವಳ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ಓಣಿಯಲ್ಲಿ ಹಾಲಿನವನ ಗಾಡಿ ಬಂದು ಹೋಯಿತು. ರತ್ನಮಾಲಾ ಯಾರನ್ನೋ ಬೈಯುತ್ತಿದ್ದಳು, ಬೈದು ಮುಗಿಸಿ ಒಳಗೆ ಹೋದಳು. ಒಲೆಯಲ್ಲಿ ಕಟ್ಟಿಗೆ ಕುಸಿದು ಬಿತ್ತು. 'ನೀ ಹೋಗಲ್ಲ ಅಲ್ಲ?' ಎಂಬ ಮಾತು ಕಾಂತಾಬಾಯಿಯ ಗಂಟಲಿನ ತನಕ ಬಂತು. ನುಂಗಿದಳು. 'ನೀ ಬೇಕಾದ್ರ ಹೋಗವ್ವ' ಎಂಬುದೂ ಬಂತು. ಅದನ್ನೂ ನುಂಗಿದಳು. ಕಾಯುವುದು ಇಷ್ಟು ಕಷ್ಟ ಎಂದು, ಉತ್ತರ ಹೇಳುವ ಕಡೆ ಕೂತಾಗ ಅವಳಿಗೆ ಗೊತ್ತಾಗಿರಲಿಲ್ಲ.

"ಗೊತ್ತಿಲ್ಲರಿ ಅತ್ತೀ," ಎಂದಳು ಆಮ್ರಪಾಲಿ ಬಹಳ ಹೊತ್ತಿನ ಮೇಲೆ.

ಕಾಂತಾಬಾಯಿ ಸುಮ್ಮನಿದ್ದಳು.

"ಲಗ್ನ ಬ್ಯಾಡ ಅಂತ ಹೇಳಲ್ಲ. ಸುಳ್ಳು ಯಾಕ ಹೇಳ್ಲಿ. ಒಮ್ಮೊಮ್ಮೆ ಅನಸ್ತದ, ಮನಿ, ಮಕ್ಕಳು..." ಅವಳ ದನಿ ಸಣ್ಣದಾಯಿತು. "ಹಂಗ ಅನಿಸಿದ ದಿನ ಅವರ ಫೋಟೊ ನೋಡಾಕ ಆಗಲ್ಲ. ನಿಮ್ಮ ಮಾರಿ ನೋಡಾಕೂ ಆಗಲ್ಲ. ಆದ್ರ ಈಗ ಬ್ಯಾಡರಿ. ಮೊದಲ ನನ್ನ ಕ್ಲಾಸಿನಾಗ ನಾ ನಿಂದ್ರಬೇಕು. ಹಿಂದಿನ ಬೆಂಚಿನಾಗ ಮಾರ್ಕ್ಸ್ ಹಾಕೋರು ಯಾರೂ ಇರಬಾರದು. ನೌಕರಿ ಸಿಗಲಿ. ಆಮ್ಯಾಗ ಯಾರರೆ ಕೇಳ್ಕೊಂಡು ಬಂದ್ರ ಇಲ್ಲಿಗೇ ಬರಲಿ. ಅಪ್ಪನೂ ಇಲ್ಲಿಗೇ ಬರಲಿ. ನನ್ನ ಮುಂದನೇ ಮಾತಾಗಲಿ. ನಾ ಏನು ಟಪಾಲೇನ್ರಿ, ಒಬ್ರು ಬರದು ಕಳಸಾಕ, ಇನ್ನೊಬ್ರು ಇಸ್ಗೊಳ್ಳಾಕ?"

ಕೊನೆಯ ಮಾತಿಗೆ ಅವಳಿಗೇ ನಗು ಬಂತು. ನಗುವಿನ ಜೊತೆಗೆ ಕಣ್ಣೀರೂ ಬಂತು. ಕಾಂತಾಬಾಯಿ ಹಿಟ್ಟು ಹತ್ತಿದ ಕೈಯಿಂದಲೇ ಅವಳ ಕೆನ್ನೆ ಒರೆಸಿದಳು. ಕೆನ್ನೆಯ ಮೇಲೆ ಬಿಳಿ ಗೆರೆ ಮೂಡಿತು.

"ಇದೇ ಬರೀತೀನಿ," ಅಂದಳು. "ಟಪಾಲಿಂದು ಒಂದು ಬಿಡ್ತೀನಿ. ನಿಮ್ಮಪ್ಪಗ ಸಿಟ್ಟು ಬಂದೀತು."

ಅವಳು ಹಲಗೆಯಿಂದ ಇನ್‌ಲ್ಯಾಂಡ್ ತೆಗೆದು, ಖಾಲಿ ಪರಾತದ ತಟ್ಟೆ ಬೋರಲು ಹಾಕಿ ಅದರ ಮೇಲೆ ಇಟ್ಟು, ಸೊಸೆಯ ಪೆನ್ನು ಹಿಡಿದಳು. ಒಂದೊಂದೇ ಅಕ್ಷರ. ಆಮ್ರಪಾಲಿ ಉಳಿದ ರೊಟ್ಟಿ ಬಡಿದು ಮುಗಿಸಿದರೂ ಕಾಗದ ಮುಗಿದಿರಲಿಲ್ಲ. ಒಮ್ಮೆಯೂ ಅವಳು ಬಗ್ಗಿ ನೋಡಲಿಲ್ಲ. "ನಾ ಬರದು ಕೊಡ್ಲೇನ್ರಿ" ಎಂದೂ ಕೇಳಲಿಲ್ಲ. ಬರೆದಾದ ಮೇಲೆ ಕಾಂತಾಬಾಯಿ, ಗೃಹಪಾಠ ತೋರಿಸುವವಳಂತೆ, ಕಾಗದವನ್ನು ಮುಂದೆ ಚಾಚಿದಳು.

ಬೀಗರಿಗೆ ಜೈ ಭೀಮ್. ಕಾಗದಕ್ಕೆ ತಡ ಆಗಿದೆ. ನಿಮ್ಮ ಮಗಳಿಗೆ ಕೇಳಿದೆ. ಮೊದಲು ನೌಕರಿ ಎನ್ನುತ್ತಾಳೆ. ಲಗ್ನ ಬೇಡ ಎಂದಿಲ್ಲ. ಈಗ ಬೇಡ ಎಂದಿದ್ದಾಳೆ. ಯಾರಾದರೂ ಕೇಳಿಕೊಂಡು ಬಂದರೆ ನೀವು ಇಲ್ಲಿಗೆ ಬರಬೇಕು. ನಾವು ಮೂರೂ ಮಂದಿ ಕೂತು ಮಾತಾಡುವುದು. ಹೂಂ ಅನ್ನುವುದು ಉಹೂಂ ಅನ್ನುವುದು ಅವಳು. ನನ್ನ ಕಡೆಯಿಂದ ತಡೆ ಇಲ್ಲ. ಎಲ್ಲಿದ್ದರೂ ಈ ಮನೆ ಅವಳದು. ಪರೀಕ್ಷೆಯ ಪಾಠ ಚಲೋ ಆಯಿತು. ದೊಡ್ಡವರು ಹೊಗಳಿದರು. ರೊಟ್ಟಿ ಉಣ್ಣಲು ಬರ್ರಿ. ಕಾಂತಾಬಾಯಿ.

ಆಮ್ರಪಾಲಿ ಓದಿದಳು. ತಪ್ಪು ತಿದ್ದಲಿಲ್ಲ. ಪೆನ್ನು ತೆಗೆದುಕೊಂಡು ಅಂಚಿನಲ್ಲಿ, ಪಾಠದ ವಹಿಯಲ್ಲಿ ಮ್ಯಾಡಮ್ ಹಾಕುವಂಥ ಒಂದು ಸರಿ ಗುರುತು ಹಾಕಿದಳು.

"ಏ, ನಿಮ್ಮಪ್ಪ ನೋಡಿ ಏನಂದಾರು?"

"ಪಾಸ್ ಆಗ್ಯಾರ ಅಂತಾರ."

ಇಬ್ಬರೂ ಜೊತೆಯಲ್ಲೇ ಹೊರಟರು. ಅತ್ತೆಗೆ ಮಿಲ್ಲು, ಸೊಸೆಗೆ ಬಸವಕಲ್ಯಾಣದ ಬಸ್ಸು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ, ಹಣ್ಣಿನ ಗಾಡಿಗಳ ಹಿಂದೆ, ಬಣ್ಣ ಹೋದ ಕೆಂಪು ಟಪಾಲು ಡಬ್ಬಿ ಇತ್ತು. ಕಾಂತಾಬಾಯಿ ಅದರ ಮುಂದೆ ನಿಂತು ಕಾಗದವನ್ನು ಡಬ್ಬಿಯ ಬಾಯಿಗೆ ಹಿಡಿದಳು. ಅರ್ಧ ಒಳಗೆ ಹೋಯಿತು. ಉಳಿದರ್ಧ ಅವಳ ಬೆರಳಲ್ಲೇ ಉಳಿಯಿತು.

ನಿಲ್ದಾಣದಿಂದ ಕಂಡಕ್ಟರನ ಕೂಗು ಬಂತು, "ಕಲ್ಯಾಣ, ಕಲ್ಯಾಣ, ಕಲ್ಯಾಣ." ಡ್ರೈವರು ಹಾರ್ನು ಹಾಕಿದ. ಆಮ್ರಪಾಲಿ ಬಸ್ಸಿನ ಕಡೆ ತಿರುಗಲಿಲ್ಲ. ವಹಿಗಳನ್ನು ಎದೆಗೆ ಒತ್ತಿಕೊಂಡು, ಒಂದು ಮಾತಿಲ್ಲದೆ, ಮುಖದಲ್ಲಿ ಗಾಬರಿ ಇಲ್ಲದೆ, ಅತ್ತೆಯ ಪಕ್ಕ ನಿಂತೇ ಇದ್ದಳು.

ಕಾಂತಾಬಾಯಿ ಬೆರಳು ಬಿಟ್ಟಳು. ಕಾಗದ ಬಿದ್ದ ಸಪ್ಪಳ ಹಾರ್ನಿನಲ್ಲಿ ಕೇಳಿಸಲಿಲ್ಲ. ಡಬ್ಬಿಯ ಬಾಯಿಗೆ ಕೈ ಇಟ್ಟು ತಡವಿ ನೋಡಿದಳು, ಖಾಲಿ ಇತ್ತು.

"ಹೋಗು, ಬಸ್ಸು ಹೋಗ್ತದ," ಅಂದಳು.